ಅವಸರದ ಗುಂಡಿ

ತಾನು ತಪ್ಪಿರಬಹುದು ಅನ್ನುವ ಅನುಮಾನ ವಿಲ್ಮಾ ನ್ಯಾಂಕಿವೆಲ್ ಹತ್ತಿರ ಸುಳಿದದ್ದೇ ಕಡಿಮೆ. ಅರವತ್ತು ದಾಟಿದ ಮೇಲೂ ಬೌಲ್ಸ್ ಕ್ಲಬ್ಬಿನ ಹೆಂಗಸರ ತಂಡಕ್ಕೆ ಅವಳೇ ನಾಯಕಿ. ಮೊಣಕಾಲು ಬಗ್ಗಿಸಿ ಹುಲ್ಲಿನ ಮೇಲೆ ಚೆಂಡು ಉರುಳಿಸಿದಳೆಂದರೆ ಅದು ಅವಳು ಹೇಳಿದ ಜಾಗಕ್ಕೆ ಹೋಗಿ ನಿಲ್ಲಲೇಬೇಕು. ಆದರೆ ಈ ಬೇಸಿಗೆಯಲ್ಲಿ ಬೆರಳುಗಳೇ ಕೈಕೊಟ್ಟವು. ವರ್ಷಾನುಗಟ್ಟಲೆ ಬಿಸಿನೀರು, ಸೋಪಿನಲ್ಲಿ ಮುಳುಗಿದ ಚರ್ಮ ಬಿರುಕುಬಿಟ್ಟು, ಚೆಂಡು ಬಿಗಿಯಾಗಿ ಹಿಡಿದರೆ ರಕ್ತ ಜಿನುಗುತ್ತಿತ್ತು. ರಬ್ಬರ್ ಗವಸು ಹಾಕಿಕೊಂಡರೆ ತುರಿಕೆ ಇನ್ನೂ ಜಾಸ್ತಿ. "ಪಾತ್ರೆ ತೊಳೆಯೋದಾದ್ರೂ ಬಿಡಿ, ಆಟನಾದ್ರೂ ಬಿಡಿ" ಅಂದುಬಿಟ್ಟರು ಡಾಕ್ಟರು. ಫೈನಲ್ಲಿಗೆ ಉಳಿದಿದ್ದದ್ದು ಒಂದೇ ತಿಂಗಳು.

ಇಂಥ ಹೊತ್ತಿನಲ್ಲಿ ಪಾತ್ರೆ ತೊಳೆಯೋ ಮಿಷನ್ ತರೋಣ ಅಂದರೆ ಯಾವ ಗಂಡ ತಾನೇ ಬೇಡ ಅನ್ನುತ್ತಾನೆ? ಕ್ಲೆಮ್ ಅನ್ನುತ್ತಾನೆ!

ಅವನನ್ನೂ ಪೂರ್ತಿ ಬೈಯುವ ಹಾಗಿಲ್ಲ. ಐರ್ ಪರ್ಯಾಯ ದ್ವೀಪದ ಆ ಮೂಲೆಯ ಮನೆಗೆ ಊರಿನ ನೀರಿನ ಪೈಪೂ ಬಂದಿಲ್ಲ, ಕರೆಂಟಿನ ತಂತಿಯೂ ಬಂದಿಲ್ಲ. ತಗಡಿನ ಸೂರಿನ ಮೇಲೆ ಬಿದ್ದ ಮಳೆಯೇ ನೀರು, ಅದೇ ಸೂರಿನ ಮೇಲೆ ಬಿದ್ದ ಬಿಸಿಲೇ ಕರೆಂಟು. ಅಂಗಳದ ದೊಡ್ಡ ಟ್ಯಾಂಕಿನಿಂದ ಅಡುಗೆಮನೆಯ ಸಣ್ಣ ಟ್ಯಾಂಕಿಗೆ ಕ್ಲೆಮ್ ಶನಿವಾರಕ್ಕೊಂದು ಸಲ ನೀರು ಏರಿಸುತ್ತಾನೆ. ಮುಂದಿನ ಶನಿವಾರದವರೆಗೆ ಅದರಲ್ಲೇ ಸುಧಾರಿಸಬೇಕು. ಬೆಳಿಗ್ಗೆ ಎದ್ದವನೇ ಬೆರಳ ಗೆಣ್ಣಿನಿಂದ ಟ್ಯಾಂಕನ್ನು ಮೇಲಿಂದ ಕೆಳಗೆ ತಟ್ಟುತ್ತಾ ಬರುತ್ತಾನೆ. ಠಣ್ ಅಂದರೆ ಅಲ್ಲಿ ಖಾಲಿ, ದಬ್ ಅಂದರೆ ಅಲ್ಲಿಂದ ಕೆಳಗೆ ನೀರು.

ಸ್ನಾನದ ಮನೆಯಲ್ಲಿ ಒಂದು ಮರಳುಗಡಿಯಾರ. ಮೂರು ನಿಮಿಷಕ್ಕೆ ಅದರ ಮರಳು ಇಳಿಯಿತೋ, ಬಾಗಿಲಾಚೆಯಿಂದ ಕೂಗು: "ಮರಳು ಮುಗೀತು! ನಲ್ಲಿ ನಿಲ್ಸು, ಬೇಗ!" ಮದುವೆಯಾದ ಮೊದಲ ವಾರವೂ ಹೀಗೇ ಕೂಗಿದ್ದ ಮಹಾನುಭಾವ.

"ಮಿಷನ್ ಯಾಕೆ? ನಾನೇ ತೊಳೀತೀನಿ" ಅಂದು ಮೂರು ದಿನ ತೊಳೆದೂ ನೋಡಿದ. ಒಂದು ಚೊಂಬು ನೀರಿನಲ್ಲಿ ಇಡೀ ಮನೆಯ ಪಾತ್ರೆ. ತಟ್ಟೆ ಮೂಗಿನ ಹತ್ತಿರ ತಂದರೆ ಮೊನ್ನೆಯ ಕುರಿಮಾಂಸದ ವಾಸನೆ. ವಿಲ್ಮಾ ಕದ್ದು ಇನ್ನೊಂದು ಸಲ ತೊಳೆಯಬೇಕಾಯಿತು, ಬೆರಳು ಮತ್ತೆ ಒಡೆಯಿತು.

"ಸಾಕು ಮಹಾರಾಯ, ನಡಿ ಅಂಗಡಿಗೆ" ಅಂದಳು.

ಪೋರ್ಟ್ ಲಿಂಕನ್ನಿನ ಅಂಗಡಿಯಲ್ಲಿ ಸಾಲಾಗಿ ನಿಂತ ಮಿಷನ್ನುಗಳ ಹಣೆಯ ಮೇಲೆಲ್ಲ ನಕ್ಷತ್ರದ ಚೀಟಿ. ಕೆಂಪು-ಹಳದಿಯದು ಕರೆಂಟಿನದು, ನೀಲಿಯದು ನೀರಿನದು. ಕ್ಲೆಮ್ ನೇರವಾಗಿ ಹೋಗಿ ಒಂದು ದೈತ್ಯನ ಮುಂದೆ ನಿಂತ.

"ತಗೊಳ್ಳಲೇಬೇಕು ಅಂದ್ರೆ ಇದು. ನಕ್ಷತ್ರ ಎಣಿಸಿ ನೋಡು, ಆ ಸಣ್ಣದಕ್ಕಿಂತ ಒಂದು ಜಾಸ್ತಿ."

"ನಕ್ಷತ್ರ ಎಣಿಸೋಕೆ ನಾವೇನು ಅಂಗಳದಲ್ಲಿ ಮಲಗಿದೀವಾ? ಕೆಳಗಿನ ಅಂಕಿ ನೋಡು" ಅಂದಳು ವಿಲ್ಮಾ. ಹಿಂದಿನ ವಾರವಿಡೀ ಅವಳು ಇದನ್ನೇ ಓದಿಕೊಂಡಿದ್ದಳು. "ನಕ್ಷತ್ರ ಕೊಡೋದು ಅದರ ಗಾತ್ರಕ್ಕೆ ತಕ್ಕ ಹಾಗೆ. ತುಂಬಿದ ಬಸ್ಸಿಗೆ ತಲೆಗಿಷ್ಟು ಅಂತ ಲೆಕ್ಕ ಹಾಕಿದ್ರೆ ಡೀಸೆಲ್ ಕಡಿಮೆನೇ. ಹಾಗಂತ ನಾವಿಬ್ಬರು ಬ್ರೆಡ್ಡು ತರೋಕೆ ಬಸ್ಸಲ್ಲಿ ಹೋಗ್ತೀವಾ? ದಿನಕ್ಕೊಂದು ಸಲ ಓಡಿಸಿದ್ರೆ ವರ್ಷಕ್ಕೆ ಎಷ್ಟು ಯೂನಿಟ್ ಅನ್ನೋದು ಈ ಅಂಕಿ. ನಿನ್ನ ದೈತ್ಯನದ್ದು ಜಾಸ್ತಿ, ನನ್ನ ಸಣ್ಣದ್ದು ಕಡಿಮೆ. ನೀಲಿ ಚೀಟೀಲಿ ಒಂದು ಸಲಕ್ಕೆ ಎಷ್ಟು ಲೀಟರ್ ಅಂತ ಬರೆದಿದೆ. ಅದೂ ಇದರಲ್ಲೇ ಕಡಿಮೆ. ಒಂದು ಬಕೆಟ್ಟು, ಅಷ್ಟೇ!"

"ಒಂದು ಬಕೆಟ್ಟಲ್ಲಿ ಮಿಷನ್ನು ತೊಳೆಯುತ್ತಂತೆ! ಅಂಗಡಿಯವನು ಹೇಳಿದ, ಇವಳು ಕೇಳಿದಳು" ಎಂದು ಕ್ಲೆಮ್ ನಕ್ಕ. ಆಮೇಲೆ ಷರತ್ತು ಹಾಕಿದ. "ತಿಂಗಳೊಳಗೆ ವಾಪಸ್ ತಗೋತಾರಂತೆ. ಸಣ್ಣ ಟ್ಯಾಂಕು ಶನಿವಾರದ ತನಕ ಬರದಿದ್ರೆ ಮಿಷನ್ ವಾಪಸ್. ಆಮೇಲೆ ಅಳಬಾರದು."

"ಅಳೋರು ಯಾರು ಅಂತ ನೋಡೋಣ" ಅಂದಳು.

ಮಿಷನ್ ಬಂತು, ಕೂತಿತು. ಮುಂಭಾಗದಲ್ಲಿ ಗುಂಡಿಗಳ ಸಾಲು. ಒಂದರ ಮೇಲೆ ಕ್ವಿಕ್, ಅರ್ಧ ಗಂಟೆ. ಇನ್ನೊಂದರ ಮೇಲೆ ಇಕೋ, ಮೂರು ಗಂಟೆಗೂ ಮೇಲೆ.

"ಮೂರು ಗಂಟೆ!" ಕ್ಲೆಮ್ ಎದೆಯ ಮೇಲೆ ಕೈಯಿಟ್ಟುಕೊಂಡ. "ಅಷ್ಟು ಹೊತ್ತು ನೀರು ಓಡಿದ್ರೆ ದೊಡ್ಡ ಟ್ಯಾಂಕೂ ಬತ್ತಿಹೋಗುತ್ತೆ. ಬೇಗ ಮುಗಿಯೋದು ಒತ್ತು ತಾಯಿ."

ವಿಲ್ಮಾ ಕ್ವಿಕ್ ಒತ್ತಿದಳು. ಅನುಮಾನವೇ ಬರಲಿಲ್ಲ. ಆ ಮನೆಯಲ್ಲಿ ನೀರನ್ನು ಅಳೆಯುತ್ತಿದ್ದದ್ದೇ ಹೊತ್ತಿನಿಂದ. ಬೇಗ ಮುಗಿದರೆ ನೀರು ಉಳಿಯಿತು, ತಡವಾದರೆ ಹೋಯಿತು. ಮರಳುಗಡಿಯಾರದ ಮನೆಯವರು ಬೇರೆ ಯಾವ ಗುಂಡಿ ಒತ್ತಿಯಾರು?

ಅರ್ಧ ಗಂಟೆಗೆ ಬಾಗಿಲು ತೆಗೆದರೆ ಲೋಟಗಳೇನೋ ಫಳಫಳ, ಹುರಿದ ಕುರಿಮಾಂಸದ ತಟ್ಟೆಯ ಮೇಲೆ ಮಾತ್ರ ಕೊಬ್ಬು ಹಾಗೇ ಕೂತಿತ್ತು. ಇನ್ನೊಂದು ಸಲ ಒತ್ತಿದರು. ಮರುದಿನವೂ ಅದೇ ಕಥೆ. ಎರಡು ಸಲ ತೊಳೆದರೇನೇ ಶುದ್ಧ. ಗುರುವಾರ ಸಂಜೆ ಟೀವಿಯಲ್ಲಿ ಫುಟ್‌ಬಾಲು ರಂಗೇರಿದ್ದಾಗ ಬಿಸಿಲಿನ ಕರೆಂಟು ತುಂಬಿಡುವ ಬ್ಯಾಟರಿ ಕೀಂ ಕೀಂ ಎಂದು ಕಿರುಚಿ ಮನೆಯೆಲ್ಲ ಕತ್ತಲಾಯಿತು. ಶುಕ್ರವಾರ ಬೆಳಿಗ್ಗೆ ಕ್ಲೆಮ್ ಟ್ಯಾಂಕು ತಟ್ಟಿದ. ಠಣ್. ಸ್ವಲ್ಪ ಕೆಳಗೆ, ಠಣ್. ತಳದವರೆಗೂ ಠಣ್ ಠಣ್.

"ಇನ್ನೂ ಒಂದು ದಿನ ಬಾಕಿ ಇದೆ, ವಿಲ್ಮಾ. ನಿನ್ನ ಒಂದು ಬಕೆಟ್ಟು ಟ್ಯಾಂಕನ್ನೇ ನುಂಗಿತು. ಸೋಮವಾರ ಅಂಗಡಿಗೆ ಫೋನ್ ಮಾಡ್ತೀನಿ."

ವಿಲ್ಮಾ ಅಂಗೈ ಬಿಡಿಸಿ ನೋಡಿಕೊಂಡಳು. ಒಂದು ವಾರ ಪಾತ್ರೆಯ ಸೋಪುನೀರು ಸೋಕದ್ದಕ್ಕೆ ಬಿರುಕು ಆಗಲೇ ಕೂಡಿಕೊಳ್ಳುತ್ತಿತ್ತು. ಸಿಟ್ಟು ಬಂತು. ಮಿಷನ್ ಬಿಟ್ಟರೆ ತಂಡವನ್ನೂ ಬಿಟ್ಟ ಹಾಗೆ. ಚೀಟಿ ಸುಳ್ಳು ಹೇಳಿತೋ, ತಾನೇ ತಪ್ಪು ಓದಿದೆನೋ?

ಕ್ಲೆಮ್ ತಮಾಷೆಗೆಂದು ಆ ಎರಡೂ ಚೀಟಿಗಳನ್ನು ಕಿತ್ತು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ. ವಿಲ್ಮಾ ಕನ್ನಡಕ ಏರಿಸಿಕೊಂಡು ಅದರ ಮುಂದೆ ನಿಂತಳು. ನಕ್ಷತ್ರ ಓದಿದಳು, ಅಂಕಿ ಓದಿದಳು. ಎಲ್ಲ ಮೊದಲೇ ಓದಿದ್ದೇ. ಕಟ್ಟಕಡೆಗೆ ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದ ಒಂದು ಸಾಲಿತ್ತು. ಈ ಅಂಕಿ ಬಂದದ್ದು ಇಕೋ, ಅಂದರೆ ಉಳಿತಾಯದ ಗುಂಡಿಯಲ್ಲಿ ಪರೀಕ್ಷೆ ಮಾಡಿದಾಗ ಅಂತ.

"ಅಯ್ಯೋ ನನ್ನ ಬುದ್ಧಿಗಿಷ್ಟು!" ಎಂದು ಹಣೆ ಬಡಿದುಕೊಂಡಳು. "ಕ್ಲೆಮ್! ಬಾ ಇಲ್ಲಿ. ತಪ್ಪು ಮಿಷನ್ನಿದ್ದಲ್ಲ, ನಮ್ಮಿಬ್ಬರದ್ದು. ಅವಸರದ ಗುಂಡಿ ಒತ್ತಿದ್ವಿ ನೋಡು. ಅರ್ಧ ಗಂಟೇಲಿ ಮುಗಿಸಬೇಕು ಅಂದ್ರೆ ಅದು ನೀರನ್ನ ಕುದಿಯೋ ಹಾಗೆ ಕಾಯಿಸಬೇಕು, ಬ್ಯಾಟರಿ ಹೀರಬೇಕು. ಅಷ್ಟಾದ್ರೂ ಕೊಬ್ಬು ಬಿಡಲ್ಲ, ಎರಡು ಸಲ ತೊಳೀಬೇಕು, ನೀರೂ ಎರಡು ಪಟ್ಟು. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ನೆ ಹೇಳ್ತಾರಾ?"

"ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಳಂತೆ. ಈಗ ಗುಂಡಿ ಡೊಂಕಾ?"

"ಭಾನುವಾರ ಮಧ್ಯಾಹ್ನ ತೋರಿಸ್ತೀನಿ. ಬ್ಯಾಟರಿ ತಂಟೆಗೇ ಹೋಗಲ್ಲ, ನೆತ್ತಿ ಮೇಲೆ ಬಿಸಿಲಿದ್ದಾಗ ಓಡಿಸ್ತೀನಿ. ಮಿಷನ್ ಉಗುಳಿದ ನೀರನ್ನ ನೀನೇ ಬಕೆಟ್ಟಿಗೆ ಹಿಡಿ. ಒಂದು ಬಕೆಟ್ಟಿಗಿಂತ ಒಂದು ಲೋಟ ಹೆಚ್ಚಾದ್ರೂ ನಾನೇ ಅಂಗಡಿಗೆ ಹೊತ್ಕೊಂಡು ಹೋಗ್ತೀನಿ."

ಕ್ಲೆಮ್‌ಗೆ ಇದಕ್ಕಿಂತ ಒಳ್ಳೆ ಪಂದ್ಯ ಬೇಕಿರಲಿಲ್ಲ. ಭಾನುವಾರದ ಊಟದ ಪಾತ್ರೆಗೆ ಎಷ್ಟು ನೀರು ಅನ್ನುವುದು ಅವನ ಕೈಗೇ ಗೊತ್ತು. ಸಿಂಕಿನಲ್ಲಿ ತೊಳೆದ ನೀರನ್ನು ಹೊತ್ತು ನಿಂಬೆಗಿಡದ ಬುಡಕ್ಕೆ ಸುರಿಯುವವನು ಅವನೇ. ವರ್ಷಗಳಿಂದ ಅದು ಎರಡು ತುಂಬು ಬಕೆಟ್ಟು.

ಭಾನುವಾರ ವಿಲ್ಮಾಳ ತಂಡದ ಗ್ಲೆನಿಸ್ ಕೂಡ ಊಟಕ್ಕೆ ಬಂದಳು. ಹುರಿದ ಮಾಂಸ, ಆಲೂಗಡ್ಡೆ, ದಪ್ಪ ಗ್ರೇವಿ. ತಟ್ಟೆ ಎಷ್ಟು ಜಿಡ್ಡಾದರೆ ಅಷ್ಟು ಒಳ್ಳೆಯದೆಂದು ಕ್ಲೆಮ್ ಎರಡೆರಡು ಸಲ ಗ್ರೇವಿ ಬಡಿಸಿಕೊಂಡ. ವಿಲ್ಮಾ ತಟ್ಟೆ ಜೋಡಿಸಿ ಇಕೋ ಒತ್ತಿದಳು. ಕ್ಲೆಮ್ ಹೊರಹೋಗುವ ಪೈಪನ್ನು ಬಕೆಟ್ಟಿಗೆ ಇಳಿಬಿಟ್ಟು, ಪಕ್ಕದಲ್ಲಿ ಇನ್ನೆರಡು ಖಾಲಿ ಬಕೆಟ್ಟು ಇಟ್ಟುಕೊಂಡು ಸ್ಟೂಲಿನ ಮೇಲೆ ಕೂತ.

ಒಂದು ಗಂಟೆಯಾಯಿತು. ಮಿಷನ್ ಒಳಗೆ ಸರ ಸರ ಅನ್ನುತ್ತಲೇ ಇತ್ತು.

"ಕುಡೀತಿದೆ, ಕೇಳಿ! ಒಂದೇ ಸಮನೆ ಕುಡೀತಿದೆ!" ಎಂದು ಕ್ಲೆಮ್ ಕೂಗಿದ.

"ಕುಡೀತಿಲ್ಲ ಮಾರಾಯ, ಒಳಗಿರೋ ನೀರನ್ನೇ ತಿರುಗಿಸಿ ತಿರುಗಿಸಿ ಎರಚ್ತಿದೆ. ಕೂತ್ಕೋ ಸುಮ್ನೆ."

ಎರಡು ಗಂಟೆಯಾಯಿತು, ಬಕೆಟ್ಟು ಅರ್ಧ. ಕ್ಲೆಮ್ ಎದ್ದು ಹೋಗಿ ಟ್ಯಾಂಕು ತಟ್ಟಿಬಂದ. ಗ್ಲೆನಿಸ್ ಮೂರನೇ ಕಪ್ಪು ಚಹಾ ಮುಗಿಸಿ, "ಕ್ಲೆಮ್, ಹೆರಿಗೆ ವಾರ್ಡಿನ ಹೊರಗೆ ಕೂತ ಗಂಡಸಿನ ಥರ ಕಾಣ್ತೀಯ" ಅಂದಳು. ಕೊನೆಗೆ ಪೈಪು ಗೊಳಗೊಳ ಎಂದು ಉಗುಳಿ ಸುಮ್ಮನಾಯಿತು. ಮೂರೂ ಜನ ಬಗ್ಗಿ ನೋಡಿದರು. ಬಕೆಟ್ಟಿನ ಬಾಯಿಗೆ ಇನ್ನೂ ಎರಡು ಬೆರಳು ಜಾಗವಿತ್ತು.

ವಿಲ್ಮಾ ಬಾಗಿಲು ತೆಗೆದು ಒಂದು ತಟ್ಟೆ ಎತ್ತಿ ಅವನ ಮೂಗಿಗೆ ಹಿಡಿದಳು. "ವಾಸನೆ ಬರುತ್ತಾ?"

ಬರಲಿಲ್ಲ. ಕ್ಲೆಮ್ ಖಾಲಿ ಬಕೆಟ್ಟುಗಳನ್ನು ನೋಡಿದ, ಆಮೇಲೆ ತಟ್ಟೆ ಹಿಡಿದ ಅವಳ ಕೈ ನೋಡಿದ. ಮುಖ ಸಣ್ಣದಾಯಿತು.

"ಎರಡು ಬಕೆಟ್ಟಲ್ಲಿ ಒಂದು ದಂಡ ಆಗ್ತಿತ್ತಲ್ಲೇ. ಅದೂ ನಿನ್ನ ಕೈ ಸುಡಿಸಿ" ಅಂದ. "ನಾನು ಉಳಿಸ್ತಿದ್ದೀನಿ ಅನ್ಕೊಂಡಿದ್ದೆ, ವಿಲ್ಮಾ. ತಪ್ಪಾಯ್ತು."

"ಆಯ್ತು ಬಿಡು. ಬಕೆಟ್ಟು ಗೇಟಿನ ಹತ್ರ ಸುರಿ, ಧೂಳಾದ್ರೂ ಕೂರ್ಲಿ. ಆ ಮಿಷನ್ ಪುಡಿಯ ಖಾರದ ನೀರು ನನ್ನ ನಿಂಬೆಗಿಡಕ್ಕೆ ಬೇಡ" ಅಂದಳು. ದನಿ ಗಟ್ಟಿಯಾಗಿಯೇ ಇತ್ತು, ಕಣ್ಣು ಮಾತ್ರ ಒದ್ದೆಯಾಗಿತ್ತು.

ಆಮೇಲಿನ ಶನಿವಾರ ಕ್ಲೆಮ್ ಟ್ಯಾಂಕು ತಟ್ಟಿದಾಗ ತಳದಲ್ಲಿ ಗೇಣುದ್ದ ದಬ್ ಉಳಿದಿತ್ತು. ಅಂಗಡಿಗೆ ಫೋನ್ ಹೋಗಲಿಲ್ಲ.

ಫೈನಲ್ಲಿನ ದಿನ ಎರಡೂ ತಂಡ ಸಮ ಸಮ. ಕೊನೆಯ ಚೆಂಡು ವಿಲ್ಮಾಳದು. ಗುರಿಗೆಂದು ಇಟ್ಟ ಬಿಳಿಯ ಪುಟ್ಟ ಚೆಂಡಿಗೆ ಯಾರ ಚೆಂಡು ಹತ್ತಿರವೋ ಅವರದೇ ಗೆಲುವು. ಎದುರಾಳಿಯ ಚೆಂಡು ಅದರ ಪಕ್ಕದಲ್ಲೇ ಕೂತು ಅಣಕಿಸುತ್ತಿತ್ತು. ಅವಳು ಒಂದೊಂದೇ ಬೆರಳು ಮಡಿಸಿ ಹಿಡಿದಳು. ನೋವಿಲ್ಲ, ರಕ್ತವಿಲ್ಲ, ಹಿಡಿತ ಮೊದಲಿನದೇ. ಅಂಕಣದ ಸುತ್ತ ಪಿಸುಮಾತೂ ಇಲ್ಲ. ಆಗ ಬೆಂಚಿನ ಕಡೆಯಿಂದ ಪರಿಚಿತ ಗಂಟಲು ಕೇಳಿತು. ಬಾಗಿಲಾಚೆ ನಿಂತು ಬೇಗ ಬೇಗ ಎಂದು ಕೂಗಿ ಕೂಗಿ ಗಡುಸಾದ ಅದೇ ಗಂಟಲು.

"ನಿಧಾನ ವಿಲ್ಮಾ! ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ತಗೋ!"

ಅವಳಿಗೆ ನಗು ಬಂತು. ನಗು ಮುಗಿಯುವ ತನಕ ಕಾದು, ಬಗ್ಗಿ, ಚೆಂಡು ಬಿಟ್ಟಳು. ಅದು ಬಳುಕಿಕೊಂಡು ಹೋಗಿ ಬಿಳಿ ಚೆಂಡಿಗೆ ಒತ್ತಿಕೊಂಡು ನಿಂತಿತು.

ಗೆದ್ದರೂ ಸೋತರೂ ಆಟದ ನಂತರದ ಚಹಾ ಕಪ್ಪು ತೊಳೆಯುವುದು ಆತಿಥೇಯ ತಂಡದ ನಾಯಕಿಯ ಸರದಿ. ಕ್ಲಬ್ಬಿನಲ್ಲಿ ಮಿಷನ್ ಇಲ್ಲ. ವಿಲ್ಮಾ ಏಳುವ ಮೊದಲೇ ಕ್ಲೆಮ್ ತೋಳು ಮಡಿಸಿ ಸಿಂಕಿನ ಮುಂದೆ ನಿಂತಿದ್ದ, ನೀರು ಧಾರಾಳವಾಗಿ ತುಂಬಿಸಿಕೊಂಡು.