ತೆರಪಿನ ಬಿಸಿಲು

ಫೆಬ್ರವರಿಯ ಒಂದು ಮುಂಜಾನೆ, ಲಕ್ಕಲಕಟ್ಟಿಯ ಮನೆಯಿಂದ ಶಾಲೆಗೆ ಹೊರಟಿದ್ದ ಭಾರತಿಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಗಂಡ ಕಳಕೇಶ. ಲಾರಿ ಡ್ರೈವರ್ ಅವನು. ಜೊತೆ ಡ್ರೈವರ್ ಜಾವೀದನೊಂದಿಗೆ ಕಾಶ್ಮೀರದಲ್ಲಿ ಮೆಣಸಿನಕಾಯಿ ಇಳಿಸಿ, ಸೇಬು ಹೇರಿಕೊಂಡು ತಿರುಗಿದ್ದ. ಇಲ್ಲಿಯ ಪ್ರೀಪೇಡ್ ಸಿಮ್ ಅಲ್ಲಿ ನಡೆಯುವುದಿಲ್ಲ; ಘಾಟು ಶುರುವಾಗುವ ಕಾಜಿಗುಂಡದ ಚಹಾದಂಗಡಿಯವನ ಫೋನಿನಿಂದ ಮಾತಾಡುತ್ತಿದ್ದ.

"ಎರಡ ದಿನ ಹಿಮ ಬಿತ್ತು, ಇಲ್ಲೇ ನಿಂತಿದ್ವಿ. ಇವತ್ತ ಬಿಸಲ ಬಿದ್ದೈತಿ, ದಾರಿ ತಗದಾರ. ಅರ್ಧಾ ತಾಸಿಗೆ ಬಿಡ್ತೀವಿ."

ಭಾರತಿ ಗಜೇಂದ್ರಗಡದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದಳು. ಹಿಂದಿನ ವಾರವಷ್ಟೇ ಮಕ್ಕಳಿಗೆ ಇದನ್ನೇ ಹೇಳಿದ್ದಳು. ದೂರದ ಮೆಡಿಟರೇನಿಯನ್ ಸಮುದ್ರದ ಕಡೆ ಉತ್ತರದ ಥಂಡಿ ಗಾಳಿಗೂ ದಕ್ಷಿಣದ ಬೆಚ್ಚಗಿನ ಗಾಳಿಗೂ ಮುಖಾಮುಖಿಯಾಗುತ್ತದೆ. ಹಗುರಾದ ಬಿಸಿಗಾಳಿ ಥಂಡಿಗಾಳಿಯ ಮೇಲೆ ಹತ್ತುತ್ತದೆ, ಅಲ್ಲಿ ವಾಯುಭಾರ ಕುಸಿಯುತ್ತದೆ, ಸುತ್ತಲಿನ ಗಾಳಿ ಸುಳಿಯಾಗಿ ತಿರುಗುತ್ತ ಪೂರ್ವಕ್ಕೆ ಸಾಗಿ ಚಳಿಗಾಲದಲ್ಲಿ ಕಾಶ್ಮೀರದ ಗುಡ್ಡಗಳಿಗೆ ಬಡಿಯುತ್ತದೆ. ಮೊದಲು ಬಿಸಿಗಾಳಿಯ ಅಂಚು, ಸಣ್ಣಗೆ ಸುರಿಯುವ ಹಿಮ. ಆಮೇಲೆ ಒಂದಿಷ್ಟು ತೆರಪು, ಬೆಚ್ಚಗಿನ ಬಿಸಿಲು. ಅದರ ಬೆನ್ನಿಗೆ ಥಂಡಿಗಾಳಿ ಇನ್ನೂ ಜೋರಾದ ಹಿಮ ಹೊತ್ತು ನುಗ್ಗುತ್ತದೆ. ಇವತ್ತು ಬೆಳಿಗ್ಗೆ ಅವಳು ನೋಡಿದ್ದ ಹವಾಮಾನ ನಕಾಶೆಯಲ್ಲಿ ಆ ಥಂಡಿಯ ಅಂಚು ಕಾಶ್ಮೀರವನ್ನು ಇನ್ನೂ ಮುಟ್ಟಿರಲಿಲ್ಲ.

"ಅಲ್ಲೆ ಬೆಚ್ಚಗ ಆಗೇತೇನ್ರಿ?"

"ಹೌದು, ಸ್ವೆಟರ್ ತಗದೀನಿ."

"ಹೋಗಬ್ಯಾಡ್ರಿ. ಇದಿನ್ನೂ ಮುಗದಿಲ್ಲ. ಸಂಜಿಗೆ ಮದಲಿನಕಿಂತ ಜೋರ ಬರ್ತೈತಿ."

"ಸಾಲಿ ಪಾಠ ಸಾಲ್ಯಾಗ ಇರ್ಲಿ. ಎಲ್ಲಾ ಲಾರಿ ಹೊಂಟಾವು. ಸೇಬು ಕೆಟ್ರ ಮಾಲಕಗ ಏನ್ ಹೇಳ್ಲಿ?"

"ಜಾವೀದಗ ಕೊಡ್ರಿ ಫೋನು."

"ಹೇಳ್ರಿ ವೈನಿ," ಅಂದ ಜಾವೀದ.

"ಘಾಟಿನ್ಯಾಗ ಸಿಕ್ಕೊಂಡ್ರ ಹಿಂದ ಬರಾಕ ಆಗೂದಿಲ್ಲ. ನಾಳಿ ಮಟಾ ನಿಂದ್ರಸು ಅವರನ್ನ..."

ಲೈನು ಕಡಿಯಿತು. ಮತ್ತೆ ಹಚ್ಚಿದರೆ ಹತ್ತಲಿಲ್ಲ.

ಅಂಗಳದಲ್ಲಿ ಕಡಲೆ ಕೇರುತ್ತಿದ್ದ ಅತ್ತೆ ಮಾನವ್ವ ಮುಖವೆತ್ತಿದಳು. "ಏನಂದ ನಮ್ಮಾಂವ?"

"ಆರಾಮ ಅದಾರಂತ," ಅಂದು ಭಾರತಿ ಬಸ್ಸು ಹಿಡಿದಳು.

ಮಧ್ಯಾಹ್ನ ಒಮ್ಮೆ ಚಹಾದಂಗಡಿಯವನು ಸಿಕ್ಕ. ಬರುವಷ್ಟು ಹಿಂದಿಯಲ್ಲಿ ಕರ್ನಾಟಕದ ಲಾರಿಯ ಬಗ್ಗೆ ಕೇಳಿದಳು. ಬಹಳ ಲಾರಿಗಳು ಹೋದವು, ಯಾವುದು ಯಾರದೋ ಗೊತ್ತಿಲ್ಲ ಅಂದ. ಸಂಜೆಯಿಂದ ಆ ನಂಬರೂ ಸತ್ತಿತು. ಮರುದಿನ ಟೀವಿಯಲ್ಲಿ ಘಾಟಿನ ರಸ್ತೆಯ ಮೇಲೆ ಗುಡ್ಡ ಜರಿದಿದ್ದು ಕಾಣಿಸಿತು. ಮಣ್ಣು, ಹಿಮದ ನಡುವೆ ಲಾರಿಯೊಂದರ ಚಕ್ರ ಮೇಲಾಗಿತ್ತು. ಮಾನವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. ಇನ್ನು ಮುಚ್ಚಿಡುವುದಾಗದೆ ಭಾರತಿ ಎಲ್ಲ ಹೇಳಿದಳು.

"ಬ್ಯಾಡ ಅಂದೀಯಲ್ಲ, ಕೇಳಿರ್ತಾನ ತಗೋ."

"ನನ್ನ ಮಾತ ಯಾವಾಗ ಕೇಳ್ಯಾರ ಅತ್ತಿ?"

ಅವಳನ್ನು ತಿನ್ನುತ್ತಿದ್ದುದು ಬೇರೆಯೇ. ತಾನು ಸುಮ್ಮನಿದ್ದರೆ ಅವನು ಆಗಲೇ ಹೊರಟು, ಗುಡ್ಡ ಜರಿಯುವ ಮೊದಲೇ ಆ ಜಾಗ ದಾಟಿರುತ್ತಿದ್ದನೇನೋ. ವಾದ ಹೂಡಿ ತಡ ಮಾಡಿಸಿ, ತಾನೇ ಅವನನ್ನು ಆ ಗುಡ್ಡದ ಬುಡಕ್ಕೆ ಕಳಿಸಿದೆನೇನೋ. ಇದನ್ನು ಅತ್ತೆಯ ಮುಂದೆ ಆಡಲು ಬಾಯಿ ಬರಲಿಲ್ಲ.

ಮೂರನೆಯ ದಿನ ಜಾವೀದನ ದನಿ ಬಂತು. "ವೈನಿ, ಇಬ್ರೂ ಅದೇವ್ರಿ. ಕಾಜಿಗುಂಡದಾಗ ಅದೇವಿ, ಇವತ್ತ ಲೈನ್ ಹತ್ತೇತಿ. ಅಣ್ಣ ಗಾಡಿ ಚಾಲೂ ಮಾಡಿದ್ದ, ನಾ ಚಾವಿ ಕಸಗೊಂಡೆ. ಅವತ್ತಿಂದ ನನ್ನ ಕೂಡ ಮಾತಾಡಿಲ್ಲ."

ಭಾರತಿ ಹೊಸ್ತಿಲಿಗೆ ಬಂದು ಅತ್ತೆಗೆ ಕೂಗಿ ಹೇಳಿದಳು. ಅತ್ತ ಕಳಕೇಶ ಫೋನು ಇಸಿದುಕೊಂಡ.

"ನಮ್ಮ ಹಿಂದ ಚಿತ್ರದುರ್ಗದ ಲಾರಿ ಇತ್ತು," ಅಂದ. "ಹಿಮ ಬಿದ್ದ ಎರಡೂ ದಿನ ಅವ್ರ ನಮಗೂ ಅನ್ನ ಮಾಡಿ ಹಾಕಿದ್ರು. ದಾರಿ ಬಿಡ್ರಿ ಅಂತ ಹಾರ್ನ್ ಹೊಡದ್ರು. ಪಕ್ಕಕ ಸರದ್ವಿ, ಅವ್ರು ಮುಂದ ಹೋದ್ರು. ಇನ್ನೂ ಸಿಕ್ಕಿಲ್ಲ ಅವ್ರು." ಮತ್ತೆ ಅಂದ, "ನೀ ಹೇಳಿದ್ದನ್ನ ಅವರಿಗೂ ಹೇಳಬೇಕಿತ್ತು."

"ಆವಾಗ ನೀವ ನಂಬಿರಲಿಲ್ಲಲ್ರಿ."

"ಇಲ್ಲ. ನಂಬಿರಲಿಲ್ಲ."

ಹನ್ನೆರಡು ದಿನದ ಮೇಲೆ ಅವನು ಮನೆಗೆ ಬಂದ. ಬೆಂಗಳೂರಿನಲ್ಲಿ ಸೇಬು ಇಳಿಸಿ ಬರುವಾಗ, ವಿಳಾಸ ಕೇಳಿಕೊಂಡು ಚಿತ್ರದುರ್ಗದ ಆ ಡ್ರೈವರನ ಮನೆಗೆ ಹೋಗಿದ್ದನಂತೆ. ಡ್ರೈವರ್ ಬದುಕಿ ಉಳಿದಿರಲಿಲ್ಲ, ಜೊತೆಗಿದ್ದವನು ಜಮ್ಮುವಿನ ದವಾಖಾನೆಯಲ್ಲಿದ್ದ.

"ಅವರವ್ವ ಚಾ ಕೊಟ್ಲು," ಅಂದ ಕಳಕೇಶ. "ನೀನೂ ಅಲ್ಲೇ ಇದ್ಯಾ ಅಂದ್ಲು. ಹೌದು ಅಂದೆ. ಮುಂದ ಏನೂ ಹೇಳಾಕ ಆಗಲಿಲ್ಲ."

ಭಾರತಿ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ, ಅವನು ಉಣ್ಣುವ ತನಕ ಎದುರಿಗೇ ಕೂತಿದ್ದಳು.