ಮೂಟೆ ಹೊತ್ತ ಕೇಬಲ್ಲು

ಅರಸೀಕೆರೆಯ ಮಂಡಿಯಲ್ಲಿ ಕೊಬ್ಬರಿ ತೂಗಿ ತೂಗಿ ಮರುಳಪ್ಪನವರಿಗೆ ತೂಗದೆ ನಂಬುವಂಥದ್ದು ಏನೂ ಉಳಿದಿರಲಿಲ್ಲ. ಅಂಥವರು ಎರಡು ಸಾವಿರದ ಒಂಬತ್ತರಲ್ಲಿ ಗೋಡೆಯಗಲದ ಟೀವಿ, ಜೊತೆಗೊಂದು ಡಿವಿಡಿ ಪ್ಲೇಯರ್ ತಂದು, ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟ ತಮ್ಮನ ಮಗ ಉದಯಕುಮಾರನ ಮುಂದೆ ಇಟ್ಟರು.

"ಸಾಯಂಕಾಲದೊಳಗೆ ಚಿತ್ರ ಬರ್ಸು. ಬಂದ್ರೆ ಮಂಡಿ ಮುಂದಿನ ಮಳಿಗೆ ನಿಂಗೆ, ಟೀವಿ ರಿಪೇರಿ ಅಂಗಡಿ ಇಟ್ಕೋ. ಬರ್ಲಿಲ್ವಾ, ಬಾಯ್ ಮುಚ್ಕಂಡು ಕಾಯಿ ಸುಲಿ."

ಕಾಯಿ ಸುಲಿಯುವುದೆಂದರೆ ಉದಯನಿಗೆ ಮೈಯೆಲ್ಲ ಉರಿ. ಬಸ್‌ಸ್ಟ್ಯಾಂಡಿನ ಅಂಗಡಿಗೆ ಓಡಿ, ಪ್ಲೇಯರಿನಿಂದ ಟೀವಿಗೆ ಚಿತ್ರ ಒಯ್ಯುವ ಎರಡು ಎಚ್‌ಡಿಎಂಐ ಕೇಬಲ್ ತಂದ. ಒಂದು ತೆಳ್ಳಗಿನದು, ಇನ್ನೊಂದು ಹೆಬ್ಬೆರಳು ದಪ್ಪ.

"ಯಾವ್ದು ಒಳ್ಳೇದು?" ಎಂದರು ಮರುಳಪ್ಪ.

"ಎರಡೂ ಒಂದೇ ದೊಡ್ಡಪ್ಪ. ಇದು ಡಿಜಿಟಲ್. ಬಂದ್ರೆ ಪೂರ್ತಿ ಬತ್ತದೆ, ಇಲ್ಲಾಂದ್ರೆ ಇಲ್ಲ. ದಪ್ಪ ನೋಡ್ಬಾರ್ದು."

"ಅಷ್ಟಗಲದ ಟೀವಿಗೆ ಈ ದಾರದಲ್ಲಿ ಚಿತ್ರ ತೂರ್ತದೇನ್ಲಾ? ಏಕಾಂತಯ್ಯ, ಒಂದ್ ಮೂಟೆ ತಾ."

ಮೂಟೆ ತೂಗುಹಾಕಿ ನೋಡಿಯೇ ಹಗ್ಗ ಕೊಳ್ಳುವುದು ಮಂಡಿಯ ಪದ್ಧತಿ. ತೂಗುವ ಏಕಾಂತಯ್ಯ ತೆಳ್ಳಗಿನ ಕೇಬಲ್ಲಿನ ಒಂದು ತುದಿಯನ್ನು ತೊಲೆಯ ಕೊಂಡಿಗೆ ಬಿಗಿದು, ಇನ್ನೊಂದು ತುದಿಗೆ ಕೊಬ್ಬರಿ ಮೂಟೆ ಕಟ್ಟಿ ಕೈಬಿಟ್ಟ. ಕೇಬಲ್ ಪಟ್ಟನೆ ಹರಿದು ಮೂಟೆ ನೆಲಕ್ಕೆ ಬಿತ್ತು.

"ನೋಡ್ದಾ ನಿನ್ ಡಿಜಿಟಲ್ಲು," ಎಂದರು ಮರುಳಪ್ಪ.

"ದೊಡ್ಡಪ್ಪ, ಅದ್ರಲ್ಲಿ ಹೋಗೋದು ಚಿತ್ರ. ಕೊಬ್ಬರಿ ಅಲ್ಲ. ಆ ಇನ್ನೊಂದನ್ನ ಮುಟ್ಬೇಡಿ, ನಿಮ್ ಕಾಲ್ಗೆ ಬೀಳ್ತೀನಿ."

"ಬೀಳೋದು ಆಮೇಲೆ ಬೀಳುವಂತೆ. ಮೊದ್ಲು ಅತ್ಲಾಗ್ ಸರಿ, ಮೂಟೆ ಬಿದ್ದಾತು," ಎಂದ ಏಕಾಂತಯ್ಯ.

ದಪ್ಪದ ಕೇಬಲ್ ಮೂಟೆಯನ್ನು ಹೊತ್ತು ಜೋತಾಡಿತು. ಕಿರುಗುಟ್ಟಿತು, ಗೇಣುದ್ದ ಹಿಗ್ಗಿತು, ಹರಿಯಲಿಲ್ಲ. ಮರುಳಪ್ಪ ಅದರ ಬೆನ್ನು ಸವರಿ, "ಇದು ಮಾಲು," ಎಂದರು.

ಉದಯ ಹಲ್ಲು ಕಚ್ಚಿಕೊಂಡು ಅದನ್ನು ಟೀವಿಗೆ ಸಿಕ್ಕಿಸಿದ. ಒಳಗಿನ ಎಳೆಗಳೆಲ್ಲ ಕಿತ್ತುಹೋಗಿದ್ದವು. ಪರದೆಯ ತುಂಬ ಬರೀ ನೀಲಿ. ಚಿತ್ರವಿಲ್ಲ, ಮಳಿಗೆಯಿಲ್ಲ.

"ಕೇಬಲ್ ಗಟ್ಟಿ ಐತೆ. ಟೀವಿನೇ ಸರಿ ಇಲ್ಲ," ಎಂದು ಮರುಳಪ್ಪ ತೀರ್ಪು ಕೊಟ್ಟರು. "ಬೇಜಾರ್ ಮಾಡ್ಕಬ್ಯಾಡ ಕಣ್ಲಾ. ಮಾತಂದ್ರೆ ಮಾತು, ಮಳಿಗೆ ನಿಂದೇ. ಇಂಥದ್ದನ್ನೇ ತರ್ಸಿ ಹಗ್ಗದ ಅಂಗಡಿ ಇಟ್ಕೋ. ಮಂಡಿಯೋರೆಲ್ಲ ನಿನ್ ಹತ್ರಾನೇ ಬತ್ತಾರೆ."

ಉದಯ ಹಿತ್ತಲಿಗೆ ಹೋಗಿ, ಕಾಯಿ ಸುಲಿಯುವ ಗೂಟದ ಮುಂದೆ ನಿಂತು, ಒಂದೊಂದು ಕಾಯಿಯನ್ನೂ ದೊಡ್ಡಪ್ಪನ ತಲೆಯೆಂದೇ ತಿಳಿದು ಸುಲಿಯತೊಡಗಿದ.

ಒಳಗೆ ಇಬ್ಬರೂ ನೀಲಿ ಪರದೆಯ ಮುಂದೆ ಕುರ್ಚಿ ಎಳೆದುಕೊಂಡರು.

"ಬಣ್ಣ ಮಾತ್ರ ಚೆನ್ನಾಗೈತೆ ಬಿಡಿ," ಎಂದ ಏಕಾಂತಯ್ಯ.

"ದಪ್ಪದ ಕೇಬಲ್ಲು ಕಣೋ," ಎಂದರು ಮರುಳಪ್ಪ.