ಚಾಕುವಿನ ಗೀರು

ಆಸ್ಪತ್ರೆಯಿಂದ ತಂದ ಗಂಡನ ಹೆಣಕ್ಕೆ ನೀರು ಹಾಕುತ್ತಿದ್ದ ತಮ್ಮನ ಕೈಯಿಂದ ಚೊಂಬು ಕಸಿದುಕೊಂಡು ಕಸ್ತೂರೆಮ್ಮ ಅಂಗಳದ ಕಡೆ ತಿರುಗಿದಳು.

“ನಮ್ಮನಿಯವ್ರು ಬೇಕಂತ ಲಾರಿಗಿ ಬಿದ್ರು ಅಂತ ಯಾರ ಅಂದೋರು? ಎದ್ದು ನಿಂತು ಹೇಳ್ರಿ!”

ಪಿಸುಗುಟ್ಟುತ್ತಿದ್ದವರೆಲ್ಲ ಅವಳ ತಮ್ಮನ ಕಡೆ ನೋಡಿದರು. ತಮ್ಮ ಹನಮೇಶ ತಲೆ ತಗ್ಗಿಸಿದ. “ಡ್ರೈವರ್ ಹಂಗ ಹೇಳ್ಯಾನಕ್ಕಾ. ಮಾವ ಲಾರಿ ಕಡೆ ಮಾರಿ ಮಾಡಿ, ನೋಡಿಕೋಂತನ ಹೆಜ್ಜಿ ಇಟ್ರಂತ.”

ಹಿಟ್ನಾಳದ ಹೆದ್ದಾರಿಯಲ್ಲಿ, ಹಾಡಹಗಲೇ. ಬಾಗಿಲ ಹಲಗೆಯಲ್ಲಿ ತೋಡು ಕೊರೆದು, ಅದರೊಳಗೆ ಬಿಳಿ ಕಟ್ಟಿಗೆಯ ಬಳ್ಳಿಚಿತ್ತಾರ ಕೂಡಿಸುವುದರಲ್ಲಿ ಎತ್ತಿದ ಕೈ ಎನಿಸಿಕೊಂಡಿದ್ದ ಬಡಿಗ ಲಕ್ಷ್ಮಣಪ್ಪನಿಗೆ ಸಾಯುವಂಥದ್ದೇನಾಗಿತ್ತು? ಊರಿಗೆ ಅದೊಂದು ಕುತೂಹಲ. ಕಸ್ತೂರೆಮ್ಮನಿಗೆ ಮಾತ್ರ ತಾವಿಬ್ಬರೂ ಕೊನೆಗೆ ಆಡಿದ ಮಾತು ನೆನಪಾಯಿತು.

* * *

ನಿನ್ನೆ ಬೆಳಿಗ್ಗೆ ಚಹಾದ ಗ್ಲಾಸು ಹಿಡಿಯಹೋಗಿ ಲಕ್ಷ್ಮಣಪ್ಪ ಉರುಳಿಸಿದ್ದ.

“ಧ್ಯಾನ ಎಲ್ಲೈತ್ರಿ ನಿಮ್ದು? ನನ್ನ ಕೂಡ ಬಾಳೇವು ಸಾಕಾಗೈತೇನು?”

“ಹ್ಞೂ, ಸಾಕಾಗೈತಿ,” ಎಂದು ನಕ್ಕಿದ್ದ.

“ಇದ್ದ ಹಾಲೂ ತೀರಿತು. ರಸ್ತಾ ದಾಟಿ ನೀವಾ ತರ್ರಿ ಹೋಗ್ರಿ.”

ಹೋದವನು ಬರಲಿಲ್ಲ. ಆ ನಗು ನಿಜವಾಗಿಯೂ ನಗುವೇ ಆಗಿತ್ತೇ? ಅದೇ ಪ್ರಶ್ನೆ ಅವಳನ್ನು ತಿನ್ನುತ್ತಿತ್ತು.

* * *

ಲಕ್ಷ್ಮಣಪ್ಪನ ಜೊತೆ ಕೆಲಸ ಮಾಡುತ್ತಿದ್ದ ದಾದೇಸಾಬ, ಅರ್ಧ ಕೊರೆದ ಹಲಗೆಯೊಂದನ್ನು ಹೊತ್ತು ತಂದು ಅವಳ ಮುಂದಿಟ್ಟ.

“ತಂಗೀ, ನಿನಗ ಹೇಳಬಾರದಂತ ಆಣಿ ಮಾಡಿಸಿಕೊಂಡಿದ್ದ. ಅವನ ಕಣ್ಣು ಮಬ್ಬಾಗಿ ವರ್ಷಾತು. ಈಗೀಗ ಬರೇ ನೆಳ್ಳು ಕಾಣ್ತಿತ್ತು.”

“ಕುರುಡ ಇಷ್ಟು ಸಾಫ್ ಕೊರೀತಾನೇನ್ರಿ?” ಯಾರೋ ಕೇಳಿಯೇಬಿಟ್ಟರು.

“ಪೆನ್ಸಿಲ್ ಗೆರಿ ಕಾಣದಂಗಾದ ಮ್ಯಾಲ ನಾನು ಚಾಕುಲೇ ಗೀರು ಹಾಕಿ ಕೊಡ್ತಿದ್ದೆ. ಅದನ್ನ ಉಗುರಿಲೆ ಹುಡುಕಿ, ಉಳಿ ಬಾಯಿ ಅದರಾಗ ಕುಂದ್ರಿಸಿ ಕೊರೀತಿದ್ದ. ಮುಟ್ಟಿ ನೋಡ್ರಿ ಬೇಕಾದ್ರ. ಮನ್ಯಾಗ ತಿಳದ್ರ ಕೆಲಸ ಬಿಡಸ್ತಾಳ ಅಂತ ಅಂಜತಿದ್ದ.”

ಲಾರಿ ಕಡೆ ಮುಖ ಮಾಡಿದ್ದರೂ ಅವನಿಗದು ಕಂಡಿರಲಿಲ್ಲ; ಸಾಯಲು ಹೋಗಿರಲಿಲ್ಲ! ಕಸ್ತೂರೆಮ್ಮನ ಎದೆಯ ಭಾರ ಇಳಿಯಿತು. ಮರುಗಳಿಗೆಯೇ ಇನ್ನೊಂದು ಹೊಳೆಯಿತು. ಕಣ್ಣಿಲ್ಲದವನನ್ನು ಹಾಲಿಗೆಂದು ಹೆದ್ದಾರಿಗೆ ಅಟ್ಟಿದವಳು ತಾನೇ.

“ನನಗ್ಯಾಕ ಹೇಳಲಿಲ್ಲರಿ?” ಎಂದು ಹೆಣದ ಕಡೆ ಚೀರಿದಳು. ಸಿಟ್ಟೋ ಸಂಕಟವೋ ಅವಳಿಗೇ ತಿಳಿಯಲಿಲ್ಲ.

ಹಲಗೆಯ ಮುಂದೆ ಕುಸಿದು ಕೂತು ಕಣ್ಣು ಮುಚ್ಚಿದಳು. ಹೆಬ್ಬೆರಳ ಉಗುರು ಕೂದಲೆಳೆಯಂಥ ಗೀರಿಗೆ ಸಿಕ್ಕಿತು. ಅದು ಕರೆದಲ್ಲಿಗೆ ಕೈ ಮೆಲ್ಲಗೆ ಸರಿಯಿತು, ಬಳ್ಳಿಯ ತಿರುವಿನಲ್ಲಿ ತಿರುಗಿತು, ಹಲಗೆಯ ಅಂಚು ಮುಗಿದದ್ದು ತಿಳಿಯದೆ ಮುಂದಕ್ಕೆ ಹೋಗಿ ಗಾಳಿಯಲ್ಲಿ ನಿಂತಿತು.